ಸುಣ್ಣದ ಬೆರಳು, ಅರಿಶಿನದ ಸೀಟು

ಬೆಳಗಿನ ಆರು ಗಂಟೆ. ಚಾಮರಾಜಪೇಟೆಯ ಕೊನೆಯ ರಸ್ತೆಯಲ್ಲಿ ಹುಣಸೆಮರದ ಪಕ್ಕದ ಹೆಂಚಿನ ಮನೆ. ಹಿತ್ತಲಲ್ಲಿ ದ್ರೌಪದಮ್ಮ ಮೋಟಾರಿನ ಹಿಂದಿನ ಸೀಟಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾರೆ. ಸೀಟಿದೆ, ಮೋಟಾರಿಲ್ಲ. ಎದುರಿಗೆ ಡ್ರೈವರಿಲ್ಲ, ಬದನೆಗಿಡಗಳಿವೆ. ಸೀಟಿನ ಮೇಲೆ ಒಗೆದು ಮಡಿಸಿದ ಬಿಳಿ ಪಂಚೆ, ಪಂಚೆಗೆ ಚಿಮುಕಿಸಿದ ಉಪ್ಪುನೀರು, ಅದರ ಮೇಲೆ ಅವರು. ಪಂಚೆಯ ಇನ್ನೊಂದು ತುದಿಯ ಮೇಲೆ ಬಿಸಿನೀರು ತುಂಬಿದ ತಾಮ್ರದ ಬಿಂದಿಗೆ, ಹಬೆಯಾಡುತ್ತಾ. ನೋಡಿದವರಿಗೆ ದ್ರೌಪದಮ್ಮನೂ ಬಿಂದಿಗೆಯೂ ಜೋಡಿಯಾಗಿ ಸವಾರಿ ಹೊರಟಂತೆ ಕಾಣುತ್ತದೆ.

“ಸ್ವಲ್ಪ ತಡೀರಿ ಸ್ವಾಮಿ. ಅನ್ನ ಬೇಯೋವಷ್ಟು ಹೊತ್ತು ಕೂರ್ಬೇಕು. ಮಧ್ಯೆ ಎದ್ರೆ ಪರೀಕ್ಷೆ ಕೆಟ್ಹೋಗುತ್ತೆ.”

ಪರೀಕ್ಷೆಗೆ ಕೂತು ಮಧ್ಯದಲ್ಲೇ ಎದ್ದು ಬಂದ ಅನುಭವ ನನಗೂ ಇದೆ, ಕಾಲೇಜಿನಲ್ಲಿ. ಆದ್ದರಿಂದ, ಪತ್ರಿಕೆಗೆ ಇವರ ಬಗ್ಗೆ ಬರೆಯಲು ಬಂದ ನಾನು ಕಾಯುತ್ತೇನೆ. ಒಳಗೆ ಅನ್ನ ಬೇಯುತ್ತದೆ. ದ್ರೌಪದಮ್ಮ ಎದ್ದು ಪಂಚೆಯನ್ನು ಎತ್ತಿ ಸೂರ್ಯನಿಗೆ ಹಿಡಿದು, ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡುತ್ತಾರೆ. ಬಿಳಿ, ಬರೀ ಬಿಳಿ.

“ಹೂಂ. ಇವತ್ತು ಕೊಡ್ಬೋದು.”

ಮೋಟಾರುಗಳ ಹಳೆಯ ತೊಗಲಿನ ಸೀಟುಗಳಿಗೆ ಮನೆಯಲ್ಲೇ ಬಣ್ಣ ಕುಡಿಸಿ ಹೊಸದು ಮಾಡುವುದು ಇವರ ಕಸುಬು. ಊರಿನ ದೊಡ್ಡವರು ಮೋಟಾರಿನಲ್ಲಿ ಹೋಗುವಾಗ ನಾವು ನೋಡುವುದು ದೀಪ, ಚಕ್ರ, ರುಮಾಲು. ಆ ದೊಡ್ಡವರ ಕೆಳಗೆ ದ್ರೌಪದಮ್ಮನ ಏಳೆಂಟು ದಿನದ ದುಡಿಮೆ ಇರುತ್ತದೆ, ಅದರ ಮೇಲೆ ಅವರು ಕೂತುಬಿಟ್ಟಿರುವುದರಿಂದ ಯಾರಿಗೂ ಕಾಣುವುದಿಲ್ಲ.

ಈ ಆರೇಳು ವರ್ಷಗಳಲ್ಲಿ ಮೂವತ್ತೊಂದು ಮೋಟಾರುಗಳ ಸೀಟು ಇವರ ಹಿತ್ತಲಿಗೆ ಬಂದು ಹೋಗಿವೆ. ಬೆವರು ತಗುಲಿದರೂ, ಬಿಸಿಲು ಬಡಿದರೂ, ಭಾರ ಬಿದ್ದರೂ ಬಣ್ಣ ಬಟ್ಟೆಗೆ ಹತ್ತಬಾರದು. ಅದಕ್ಕೇ ಉಪ್ಪುನೀರು, ಬಿಂದಿಗೆ, ದ್ರೌಪದಮ್ಮ. “ಮೂವತ್ತೊಂದು ಮೋಟಾರಲ್ಲಿ ಕೂತಿದೀನಿ ಸ್ವಾಮಿ. ಒಂದೂ ಮುಂದಕ್ಕೆ ಹೋಗ್ಲಿಲ್ಲ,” ಎಂದು ನಗುತ್ತಾರೆ.

ಒಂದೊಂದು ಗಾಡಿಯಿಂದಲೂ ಒಂದು ಹಳೆಯ ಹಿತ್ತಾಳೆ ಮೊಳೆಯನ್ನು ಅವರು ಇಟ್ಟುಕೊಂಡು ಹಿತ್ತಿಲ ಬಾಗಿಲ ಚೌಕಟ್ಟಿಗೆ ಹೊಡೆಯುತ್ತಾರೆ. ನಾನು ಎಣಿಸುತ್ತೇನೆ. ಮೊಳೆ ಇಪ್ಪತ್ತೆಂಟು, ಖಾಲಿ ತೂತು ಮೂರು.

“ಆ ಮೂರು ನಾನೇ ಕಿತ್ತಿದ್ದು. ಅದೇ ಇವತ್ತಿನ ಕಥೆ. ನೀವು ನನ್ನ ಬಗ್ಗೆ ಬರೆಯೋದಾದ್ರೆ ಮೊದಲು ಆ ತೂತು ಬರೀರಿ, ಆಮೇಲೆ ಮೊಳೆ ಬರ್ಕೊಳ್ಳಿ.”

ತೂತಿಗೆ ಬರುವ ಮುಂಚೆ ಕೈಗಳ ಬಗ್ಗೆ ಹೇಳಬೇಕು. ಹೆಸರು ದ್ರೌಪದಮ್ಮನಾದರೂ ಇರುವುದು ಒಬ್ಬನೇ ಗಂಡ, ತರಕಾರಿ ವ್ಯಾಪಾರದ ಬಚ್ಚಪ್ಪ. ಐದಿರುವುದು ಬೆರಳುಗಳು, ಐದಕ್ಕೂ ಐದು ಬಣ್ಣ ಎಂದು ನಾನೊಂದು ಚಟಾಕಿ ಹಾರಿಸುತ್ತೇನೆ. “ಒಬ್ಬರನ್ನ ಸಂಭಾಳಿಸೋದ್ರಲ್ಲೇ ಸಾಕಾಗಿದೆ,” ಎನ್ನುತ್ತಾರೆ ಅವರು, ಗಂಡನ ಕಡೆ ನೋಡದೆ. ಕೈಗಾಡಿಗೆ ದಂಟಿನ ಸೊಪ್ಪು ಜೋಡಿಸುತ್ತಿದ್ದ ಬಚ್ಚಪ್ಪ ಕೇಳಿಸದವರ ಹಾಗೆ ಇನ್ನೂ ಜೋರಾಗಿ ಕಟ್ಟು ಕಟ್ಟುತ್ತಾರೆ.

ಪ್ಲೇಗು ಬಂದ ಮರುವರ್ಷ ದ್ರೌಪದಮ್ಮ ಸೊಸೆಯಾಗಿ ಬಂದಾಗ ಈ ಮನೆಗೆ ಒಂದೂವರೆ ಎಕರೆ ಸೊಪ್ಪಿನ ತೋಟ, ಎರಡು ಎತ್ತು, ಒಂದು ಕಪಿಲೆ ಬಾವಿ ಇದ್ದವು. ಎತ್ತುಗಳು ಹಗ್ಗ ಎಳೆದರೆ ಬಾವಿಯಿಂದ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಆ ಚೀಲ ಒಣಗಿ ಸೀಳದಂತೆ ಹರಳೆಣ್ಣೆ ತಿಕ್ಕುವುದು ಹೊಸ ಸೊಸೆಯ ಕೆಲಸ. “ಅತ್ತೆ ಹೇಳೋರು, ತೊಗಲೂ ಮಗು ಇದ್ದಂಗೆ, ಎಣ್ಣೆ ಹಾಕಿ ನೀವಿದ್ರೆ ಹೇಳ್ದಂಗೆ ಕೇಳುತ್ತೆ ಅಂತ.” ಊರು ಬೆಳೆಯಿತು, ತೋಟ ಸೈಟಾಯಿತು. ನೀರು ಕೊಳಾಯಿಯಲ್ಲಿ ಬಂತು, ಎತ್ತು ಹೋದವು. ಉಳಿದದ್ದು ಬಚ್ಚಪ್ಪನ ಕೈಗಾಡಿ, ದ್ರೌಪದಮ್ಮನ ಕೈ. ಪಕ್ಕದ ಜಟಕಾ ನಿಲ್ದಾಣದವರ ಪಟ್ಟಿ, ಮೆತ್ತೆಗಳಿಗೆ ಕಪ್ಪು ಹಾಕುತ್ತಾ ಹಾಕುತ್ತಾ ಕುದುರೆಯಿಂದ ಮೋಟಾರಿಗೆ ಬಡ್ತಿ ಸಿಕ್ಕಿತು.

ಕೆಲಸ ಹೀಗೆ. ಮೊದಲು ಅಂಟುವಾಳದ ನೊರೆಯಲ್ಲಿ ಸೀಟಿನ ಜಿಡ್ಡು ತೆಗೆಯಬೇಕು. ಬಿರುಕುಗಳಿಗೆ ಜೇನುಮೇಣ ತುಂಬಬೇಕು. ಕಪ್ಪು ಬೇಕೆಂದರೆ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಮೂರು ವಾರ ಕೊಳೆಯಿಸಿದ ಗಡಿಗೆ ಇದೆ. ಕಂದಿಗೆ ಕಾಚು, ಕೆಂಪಿಗೆ ಪತಂಗದ ಮರದ ಚಕ್ಕೆ. ಜಜ್ಜಿದ ಈಚಲು ಕಡ್ಡಿಯೇ ಕುಂಚ. ಮೂರು ಸಲ ಬಳಿದು ಮೂರು ಸಲ ನೆರಳಲ್ಲಿ ಒಣಗಿಸಿ, ಕೊನೆಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಒಂದು ಲೇಪ. ಹಿತ್ತಲಲ್ಲಿ ಹನ್ನೊಂದು ಗಡಿಗೆಗಳಿವೆ. ಯಾವುದರ ಮೇಲೂ ಚೀಟಿ ಇಲ್ಲ, ಎಲ್ಲಕ್ಕೂ ಮೂಗೇ ಗುರುತು. ನಾನು ಕಪ್ಪಿನ ಗಡಿಗೆ ಮೂಸಿ ನೋಡಿ ಅರ್ಧ ಗಂಟೆ ಯಾವುದರ ಹತ್ತಿರಕ್ಕೂ ಹೋಗಲಿಲ್ಲ.

ಕಷ್ಟ ಬಂದದ್ದು ಬಣ್ಣದಿಂದಲ್ಲ, ಬಾಯಿಗಳಿಂದ. ತೊಗಲು ಮುಟ್ಟುವ ಕೈ ಎಂದು ಬೀದಿಯ ಹೆಂಗಸರು ಕೊಳಾಯಿಕಟ್ಟೆಯಲ್ಲಿ ದೂರ ಸರಿದರು. ಎದುರು ಮನೆಯ ಮುನಿಯಕ್ಕ ಮುಖಕ್ಕೇ ಹೇಳಿದರು. ದ್ರೌಪದಮ್ಮ ಕೊಟ್ಟ ಉತ್ತರ ಈಗಲೂ ಬೀದಿಗೆ ಬಾಯಿಪಾಠ: “ನಮ್ಮ ಕಪಿಲೆ ನೀರು ಕುಡಿದು ಬೆಳೆದೋಳು ನೀನು. ಆ ನೀರೇನು ಬೆಳ್ಳಿ ಬಿಂದಿಗೇಲಿ ಬರ್ತಿತ್ತಾ ಮುನಿಯಕ್ಕ?” ಆ ಮೇಲೆ ಅದೇ ಮುನಿಯಕ್ಕ ತಮ್ಮ ಮಗಳ ಮದುವೆಗೆ ಆರತಿ ನೀರು ಕಲಸಲು ಇವರನ್ನೇ ಕರೆದರು. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವ ಆ ನೀರಿನಲ್ಲಿ ಕೆಂಪು ಸರಿಯಾಗಿ ಬರಬೇಕಾದರೆ ದ್ರೌಪದಮ್ಮನೇ ಬರಬೇಕು ಎಂಬುದು ಬೀದಿಯ ಒಮ್ಮತ.

ಈ ಆರತಿ ನೀರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೋದ ಸಂಕ್ರಾಂತಿಯ ಹೊತ್ತಿಗೆ ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ಸಿದ್ದಬಸಪ್ಪನವರು ತಮ್ಮ ಮೋಟಾರಿನ ಸೀಟು ಕಳಿಸಿದರು. ‘ಹೊಸ ಒಡವೆ ಹೊಳೆದಂಗೆ ಹೊಳೀಬೇಕು’ ಎಂಬುದು ಅವರ ಅಪ್ಪಣೆ. ಕಾಚಿನ ಕಂದು ಒಡವೆಯಾಗುವುದಿಲ್ಲ. ದ್ರೌಪದಮ್ಮನ ಕೈ ಅರಿಶಿನದ ಡಬ್ಬಿಗೆ ಹೋಯಿತು. “ನಮ್ಮ ಜನದಲ್ಲಿ ಯಾವ ಕೆಲಸವೂ ಅರಿಶಿನ ಇಲ್ದೆ ಶುರುವಾಗಲ್ಲ ಸ್ವಾಮಿ. ಹೊಸ ಗಡಿಗೆಗೆ ಒಂದು ಚಿಟಿಕೆ ಹಾಕೇ ಹಾಕ್ತಿದ್ದೆ. ಅವತ್ತು ಚಿಟಿಕೆ ಹೋಗಿ ಹಿಡಿ ಆಯ್ತು. ಅರಗಿನ ಜೊತೆ ಕೂಡಿ ಎಂಥಾ ಚಿನ್ನ ಬಂತು ಅಂತೀರಿ! ಕೂತು ನೋಡ್ದೆ, ಬಿಂದಿಗೆ ಇಟ್ಟು ನೋಡ್ದೆ, ಒಂದು ಚೂರೂ ಹತ್ಲಿಲ್ಲ.” ಅದೇ ಚಿನ್ನವನ್ನು ಇನ್ನೆರಡು ಗಾಡಿಗಳಿಗೂ ಬಳಿದರು.

ಒಂದು ತಿಂಗಳಲ್ಲಿ ಸಾಹುಕಾರ ಸಿದ್ದಬಸಪ್ಪನವರ ಚಿನ್ನದ ಸೀಟಿನ ಅಂಚಿನಲ್ಲಿ ಕೆಂಪು ಕಲೆಗಳು ಎದ್ದವು. ಒಂದು, ಮೂರು, ಏಳು. ಯಾರೇ ನೋಡಿದರೂ ಎಲೆಅಡಿಕೆ ಉಗುಳಿದ ಕಲೆ. ಡ್ರೈವರು ಓಕಳಿಪುರದ ನಾರಾಯಣಪ್ಪ. ಓಕಳಿಪುರದವನು ಓಕುಳಿ ಆಡದೆ ಇನ್ನೇನು ಮಾಡಿಯಾನು ಎಂದು ಜನ ನಕ್ಕರು. ಅವನ ಹಲ್ಲು ದಾಳಿಂಬೆ ಬೀಜದ ಬಣ್ಣ; ಮಧ್ಯಾಹ್ನ ಹಿಂದಿನ ಸೀಟಿನಲ್ಲಿ ಮಲಗಿ ಒಮ್ಮೆ ಸಿಕ್ಕಿಬಿದ್ದವನು ಬೇರೆ. ಸಾಹುಕಾರರು ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ‘ಸೀಟಿಗೆ ಉಗಿದವನು’ ಎಂಬ ಬಿರುದು ಅವನಿಗಿಂತ ಮುಂಚೆ ಎಲ್ಲ ಮೋಟಾರು ಷೆಡ್ಡುಗಳಿಗೂ ತಲುಪಿತು. ಎರಡು ತಿಂಗಳಿಂದ ಯಾರೂ ಕರೆದಿಲ್ಲ. ರೈಲ್ವೆ ಗೂಡ್ಸಿನಲ್ಲಿ ಮೂಟೆ ಹೊರುತ್ತಿದ್ದಾನೆ.

ಹನ್ನೆರಡು ದಿನದ ಹಿಂದೆ ಇನ್ನೊಂದು ಮದುವೆಮನೆ. ದ್ರೌಪದಮ್ಮ ತಟ್ಟೆಯಲ್ಲಿ ಅರಿಶಿನ ಕಲಸಿ ಬೆರಳ ತುದಿಯಿಂದ ಸುಣ್ಣ ಬಿಟ್ಟರು. ಹಳದಿ ಕೆಂಪಾಯಿತು.

“ಇಪ್ಪತ್ತೈದು ವರ್ಷದಿಂದ ಕಲಸ್ತಿದೀನಿ. ಅವತ್ತು ಕೈ ಅಲ್ಲೇ ನಿಂತ್ಹೋಯ್ತು. ಮುತ್ತೈದೆಯರು ಹಾಡು ಮುಗಿಸಿ ಕಾಯ್ತಾವ್ರೆ, ನಾನು ತಟ್ಟೆ ನೋಡ್ಕೊಂಡು ಕೂತಿದೀನಿ. ತಟ್ಟೇಲಿ ಗೊತ್ತಿದ್ದದ್ದು ತೊಗಲ ಮೇಲೆ ಹೊಳೀಲಿಲ್ವಲ್ಲಾ ನನಗೆ! ನಾರಾಯಣಪ್ಪ ಉಗಿದಿಲ್ಲ. ಸಾವ್ಕಾರ್ರು ಎಲೆ ಹಾಕ್ಕೊಂಡು ಸುಣ್ಣದ ಬೆರಳು ಸೀಟಿಗೆ ಒರೆಸವ್ರೆ.”

ಮನೆಗೆ ಬಂದವರೇ ಚೌಕಟ್ಟಿನಿಂದ ಮೂರು ಮೊಳೆ ಕಿತ್ತರು. ಮಾರನೆಯ ದಿನ ಸಾಹುಕಾರರ ಮನೆಗೆ ಹೋಗಿ ‘ಕಲೆ ತೆಗೆದು ಕೊಡ್ತೀನಿ’ ಎಂದಷ್ಟೇ ಹೇಳಿ ಸೀಟು ತಂದರು. ಅರಿಶಿನವನ್ನೆಲ್ಲ ಕೆರೆದು, ದಾಳಿಂಬೆ ಸಿಪ್ಪೆಯ ಹೊಂಬಣ್ಣ ಕುಡಿಸಿದರು. ಈಗ ಪರೀಕ್ಷೆಗೆ ಸುಣ್ಣವೂ ಸೇರಿದೆ. ಸೀಟಿನ ಮೂಲೆಗೆ ಬಳಿದ ಸುಣ್ಣ ಒಣಗಿ ಉದುರಿತು, ಬಣ್ಣ ಕದಲಲಿಲ್ಲ. ಕೈ ಊರುವ ಒಂದು ದಿಂಬಿಗೆ ಹೊಸ ತೊಗಲು ಹಾಕಿ, ಬಿಚ್ಚಿದ ಹಳೆಯದನ್ನು ಮಾತ್ರ ಅರಿಶಿನದಲ್ಲೇ ಬಿಟ್ಟಿದ್ದಾರೆ. ಅದು ಸಾಕ್ಷಿ.

ಸೀಟು ಸಿದ್ಧ. ಹೇಳುವ ಮಾತು ಬಾಕಿ. ಅದಕ್ಕೇ ಬಚ್ಚಪ್ಪನಿಗೆ ಬೆಳಗಿನಿಂದ ಸಮಾಧಾನವಿಲ್ಲ. ಈ ಊರಿನ ಮೋಟಾರು ಯಜಮಾನರೆಲ್ಲ ಒಬ್ಬರಿಗೊಬ್ಬರು ಗೊತ್ತು. ಒಬ್ಬರ ಬಾಯಿಗೆ ‘ಬಣ್ಣ ಕೆಡಿಸೋಳು’ ಎಂದು ಬಂದರೆ ಮೂವತ್ತೆರಡನೆಯ ಗಾಡಿ ಈ ಬಾಗಿಲಿಗೆ ಬರುವುದಿಲ್ಲ.

“ಸುಮ್ನೆ ಕೊಟ್ಟು ಬಂದ್ಬಿಡೆ,” ಎನ್ನುತ್ತಾರೆ. “ಕಲೆ ಹೋಯ್ತಲ್ಲ. ಯಾಕೆ ಬಂತು ಅಂತ ಯಾರು ಕೇಳ್ತಾರೆ?”

“ಮೂಟೆ ಹೊರ್ತಾವ್ನಲ್ಲ, ಅವನು ಕೇಳ್ತಾನೆ.”

“ಅವನೇನು ನಿನ್ನ ತಮ್ಮನಾ?”

“ತಮ್ಮ ಆಗಿದ್ರೆ ಮನೇಲೇ ಅನ್ನ ಹಾಕಿ ಸಮಾಧಾನ ಮಾಡ್ಬೋದಿತ್ತು. ಅಲ್ವಲ್ಲ, ಅದಕ್ಕೇ ಹೇಳ್ಬೇಕು. ಸೊಪ್ಪು ಇಳಿಸಿ, ಸೀಟು ಏರಿಸಿ.”

ಸೊಪ್ಪು ಇಳಿಯುತ್ತದೆ.

ಸಂಜೆ ನಾಲ್ಕಕ್ಕೆ ಮೆರವಣಿಗೆ ಹೊರಡುತ್ತದೆ. ಮುಂದೆ ಕೈಗಾಡಿ ತಳ್ಳುವ ಬಚ್ಚಪ್ಪ, ಗಾಡಿಯ ಮೇಲೆ ಬಟ್ಟೆ ಹೊದ್ದ ಸೀಟುಗಳು, ಪಕ್ಕದಲ್ಲಿ ಸಾಕ್ಷಿಯ ತೊಗಲನ್ನು ಸೆರಗಲ್ಲಿ ಮುಚ್ಚಿಕೊಂಡ ದ್ರೌಪದಮ್ಮ, ಹಿಂದೆ ನಾನು. ನನ್ನ ಹಿಂದೆ ಅಪರಾಧಿ ನಾರಾಯಣಪ್ಪ. ದ್ರೌಪದಮ್ಮ ಕರೆಸಿದ್ದಾರೆ. ತೆಳ್ಳಗಿನ ನಲವತ್ತರ ಮನುಷ್ಯ, ಮಾತಾಡುವಾಗ ಅಂಗೈ ಬಾಯಿಗೆ ಅಡ್ಡ ಹಿಡಿಯುತ್ತಾನೆ. “ಅಕ್ಕ ಹೇಳೋವರ್ಗೂ ನಂಗೇ ಅನುಮಾನ ಸ್ವಾಮಿ. ನಿದ್ದೇಲಿ ನಾನೇ ಉಗಿದ್ಬಿಟ್ನೇನೋ ಅಂತ. ಎರಡು ತಿಂಗಳಿಂದ ಎಲೆ ಮುಟ್ಟಿಲ್ಲ.”

ದಾರಿಯಲ್ಲಿ ಒಬ್ಬಾಕೆ, “ಏನಪ್ಪಾ ಬಚ್ಚಪ್ಪ, ದಂಟು ಎಳೇದಾ?” ಎಂದು ಬಟ್ಟೆ ಎತ್ತಿ ನೋಡಿ, ತೊಗಲು ಕಂಡು ಹೌಹಾರಿ ಬಿಡುತ್ತಾಳೆ. “ಇವತ್ತು ಬಲಿತದ್ದು,” ಎನ್ನುತ್ತಾರೆ ಬಚ್ಚಪ್ಪ. ಬೆಳಗಿನಿಂದ ಅವರು ನಕ್ಕದ್ದು ಇದೇ ಮೊದಲು.

ಸಿದ್ದಬಸಪ್ಪನವರ ಮನೆ ಚಾಮರಾಜಪೇಟೆಯ ಆ ತುದಿಗೆ. ಅಂಗಳದಲ್ಲಿ ಸೀಟಿಲ್ಲದ ಮೋಟಾರು ಹಲ್ಲಿಲ್ಲದ ಮುದುಕನ ಹಾಗೆ ನಿಂತಿದೆ. ಸಾಹುಕಾರರು ಜಗುಲಿಯ ಬೆಂಚಿನ ಮೇಲಿದ್ದಾರೆ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮೈಮೇಲೆ ಅಂಗಡಿಯದೇ ಅಚ್ಚ ಬಿಳಿ. ಇವತ್ತು ಸೋಮವಾರ, ಬಸವಣ್ಣನ ದರ್ಶನಕ್ಕೆ ಮೋಟಾರಿನಲ್ಲೇ ಹೋಗಬೇಕೆಂದು ಕಾದಿದ್ದಾರೆ. ಡ್ರೈವರನ್ನು ತೆಗೆದ ಮೇಲೆ ಗಾಡಿ ನಡೆಸುತ್ತಿರುವುದು ಅಂಗಡಿಯ ಗುಮಾಸ್ತರು. ಅವರು ರಸ್ತೆಯನ್ನೂ ಬಟ್ಟೆಯಂತೆ ಗಜ ಗಜವಾಗಿ ಅಳೆಯುತ್ತಾರಂತೆ: ಪೋಂ, ಒಂದು ಗಜ, ಪೋಂ, ನಿಲುಗಡೆ, ಪೋಂ, ಇನ್ನೊಂದು ಗಜ.

ದ್ರೌಪದಮ್ಮ ನಮಸ್ಕಾರ ಮಾಡಿ, ಸಾಕ್ಷಿಯ ತೊಗಲನ್ನು ಬೆಂಚಿನ ಮೇಲೆ, ಸಾಹುಕಾರರ ಬಲಗೈ ಪಕ್ಕದಲ್ಲೇ ಇಡುತ್ತಾರೆ. “ಬಿಸಿಲಲ್ಲಿ ಬಂದಿದೀವಿ ಸಾವ್ಕಾರ್ರೇ. ಸೀಟು ಕೂಡಿಸೋ ಮುಂಚೆ ನಿಮ್ಮದೊಂದು ಎಲೆಅಡಿಕೆ ಆಗ್ಲಿ.”

ಬೇಡ ಎನ್ನುವ ಪೈಕಿ ಅಲ್ಲ ಅವರು. ಹೆಂಡತಿ ಗಿರಿಜಾಂಬಾ ತಟ್ಟೆ ತಂದಿಡುತ್ತಾರೆ. ಸಾಹುಕಾರರು ಎಲೆಯ ನಾರು ತೆಗೆದು, ಸುಣ್ಣ ಸವರಿ, ಮಡಿಸಿ, ಬಾಯಿಗಿಡುತ್ತಾರೆ. ಬಾಯಿ ತನ್ನ ಕೆಲಸಕ್ಕೆ ಹೋಗುತ್ತದೆ, ಬೆರಳು ತನ್ನ ಕೆಲಸಕ್ಕೆ. ಯಾರ ಅಪ್ಪಣೆಗೂ ಕಾಯದೆ ಅದು ಪಕ್ಕಕ್ಕೆ ಸರಿದು, ಕೈಗೆ ಸಿಕ್ಕ ತೊಗಲಿಗೆ ಸುಣ್ಣ ಒರೆಸಿ ಮರಳುತ್ತದೆ.

ಚಿನ್ನದ ಮೇಲೆ ಕೆಂಪು ಅರಳುತ್ತದೆ.

ಸಾಹುಕಾರರ ಕಣ್ಣು ಅತ್ತ ಬೀಳುತ್ತದೆ. ಬಾಯ್ತುಂಬ ರಸ, ಮುಖ ಮೇಲೆತ್ತಿ ಗರ್ಜಿಸುತ್ತಾರೆ: “ಯಾಉ ಉಗುಳಿದ್ಹು?”

ಸಾಹುಕಾರರು ನಾರಾಯಣಪ್ಪನನ್ನು ನೋಡುತ್ತಾರೆ. ಅವನು ಗೇಟಿನ ಹತ್ತಿರ, ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಾನೆ. ತೊಗಲನ್ನು ನೋಡುತ್ತಾರೆ. ಕೊನೆಗೆ ತಮ್ಮ ಬೆರಳನ್ನು ನೋಡಿಕೊಳ್ಳುತ್ತಾರೆ.

“ಯಾರೂ ಉಗಿದಿಲ್ಲ,” ಎನ್ನುತ್ತಾರೆ ದ್ರೌಪದಮ್ಮ. ಸೆರಗಿನ ತುದಿ ಮುಷ್ಟಿಯಲ್ಲಿದೆ. “ನಾನು ಬಣ್ಣಕ್ಕೆ ಅರಿಶಿನ ಹಾಕಿದ್ದೆ. ಸುಣ್ಣ ತಗುಲಿ ಕೆಂಪಾಯ್ತು, ಆರತಿ ನೀರು ಆದಂಗೆ. ಸುಣ್ಣ ಒರೆಸೋದು ಎಲೆ ಹಾಕೋರ ಅಭ್ಯಾಸ, ಅದು ತಪ್ಪಲ್ಲ. ಅದನ್ನ ತಿಳ್ಕೊಂಡು ಬಣ್ಣ ಹಾಕ್ಬೇಕಾದ್ದು ನನ್ನ ಕಸುಬು. ತಪ್ಪು ನಂದು ಸಾವ್ಕಾರ್ರೇ. ಮೂಟೆ ಹೊತ್ತಿದ್ದು ಅವನು.”

ಸಾಹುಕಾರರ ಬಾಯಿಂದ ಮಾತು ಹೊರಡಲು ತಾಂಬೂಲ ಬಿಡುತ್ತಿಲ್ಲ. ಆ ಸಂದಿಯಲ್ಲಿ ಗಿರಿಜಾಂಬಾ ಅವರ ನಗೆ ಹೊರಡುತ್ತದೆ.

“ರೀ, ನಮ್ಮ ಮನೆ ಕಂಬ ನೋಡ್ರಿ! ಒಂದೊಂದಕ್ಕೂ ನಿಮ್ಮ ಬೆರಳಿನದು ಹತ್ತು ಹತ್ತು ಪಟ್ಟೆ. ನಾನು ತೊಗಲು ಮುಟ್ಟಬಾರದು ಅಂತ ಕಂಬಳಿ ಹಾಸ್ಕೊಂಡು ಕೂರ್ತೀನಿ. ಕಂಬಳಿ ಇದ್ದ ಕಡೆ ಒಂದೂ ಕಲೆ ಇಲ್ಲ, ನೀವು ಕೂರೋ ಕಡೆ ಏಳು. ಅವತ್ತೇ ನನಗೆ ಹೊಳೀಬೇಕಿತ್ತು.”

ಸಾಹುಕಾರರು ಎದ್ದು ಅಂಗಳದ ಮೂಲೆಗೆ ಹೋಗಿ ಬಾಯಿ ಬರಿದು ಮಾಡಿಕೊಂಡು ಬರುತ್ತಾರೆ. ಈಗ ದನಿ ಬೇರೆ, ಅಂಗಡಿಯಲ್ಲಿ ಹಳೆಯ ಗಿರಾಕಿಯೊಡನೆ ಆಡುವ ದನಿ. “ನಾರಾಯಣಪ್ಪ, ಬಾ ಇಲ್ಲಿ.”

ಅವನು ಬಂದು, ಕೇಳುವ ಮುಂಚೆಯೇ ಬಾಯಿ ಅಗಲಿಸಿ ತೋರಿಸುತ್ತಾನೆ. “ಏನೂ ಇಲ್ಲ ಸಾವ್ಕಾರ್ರೇ.”

“ಮುಚ್ಚಯ್ಯ, ಕಂಡೆ.” ಸಾಹುಕಾರರು ತಟ್ಟೆಯಿಂದ ಎರಡು ಎಲೆ, ಒಂದು ಅಡಿಕೆ ತೆಗೆದು ಎರಡೂ ಕೈಯಿಂದ ಹಿಡಿಯುತ್ತಾರೆ. ಯಜಮಾನ ಆಳಿಗೆ ತಾಂಬೂಲ ಕೊಡುವುದೆಂದರೆ ತಪ್ಪೊಪ್ಪಿಕೊಂಡು ಮರಳಿ ಕರೆದಂತೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. “ನಾಳೆ ಬೆಳಿಗ್ಗೆ ಬಂದ್ಬಿಡು. ಗುಮಾಸ್ತನ ಜೊತೆ ಕೂತು ನನ್ನ ಸೊಂಟ ಹೋಗಿದೆ.”

ನಾರಾಯಣಪ್ಪ ಎಲೆಅಡಿಕೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಗಿರಿಜಾಂಬಾ ಸುಣ್ಣದ ಡಬ್ಬಿ ಮುಂದೆ ಮಾಡಿದಾಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. “ಸುಣ್ಣ ಬೇಡ ತಾಯಿ!”

ಸೀಟು ಕೂಡಿಸಲು ಮುಕ್ಕಾಲು ಗಂಟೆ. ಕೊನೆಯ ಮೊಳೆ ಇಳಿದ ಮೇಲೆ ದ್ರೌಪದಮ್ಮ ಅಂಗೈಗೆ ಹರಳೆಣ್ಣೆ ಸುರಿದುಕೊಂಡು ಕಪಿಲೆಯ ಚೀಲಕ್ಕೆ ತಿಕ್ಕುತ್ತಿದ್ದ ಹಾಗೇ ಇಡೀ ಸೀಟನ್ನು ನೀವುತ್ತಾರೆ. ತೊಗಲು ಇಳಿಬಿಸಿಲಲ್ಲಿ ಹದವಾದ ಬೆಲ್ಲದ ಹಾಗೆ ಹೊಳೆಯುತ್ತದೆ. ಸಾಹುಕಾರರು ಸುಣ್ಣದ ಬೆರಳಿನಿಂದ ಒಂದು ಮೂಲೆಯನ್ನು ತಾವೇ ಒರೆಸಿ ನೋಡುತ್ತಾರೆ. ಕೆಂಪಿಲ್ಲ. ಸಂತೋಷವಾಗಿ ಮೋಟಾರಿನ ಮೆಟ್ಟಿಲ ಮೇಲೆ ಕಾಲಿಡುತ್ತಾರೆ.

“ಕೂರ್ಬೇಡಿ!”

ಬಚ್ಚಪ್ಪ ಬೆಚ್ಚಿಬೀಳುತ್ತಾರೆ. ಬೀದಿಯ ಮುನಿಯಕ್ಕನನ್ನು ಗದರಿದ ದನಿಯೇ ಅದು.

“ಎಣ್ಣೆ ಒಂದು ರಾತ್ರಿ ಹೀರ್ಕೋಬೇಕು. ಈಗ ಕೂತ್ರೆ ಪಂಚೆಗೆ ಹತ್ತುತ್ತೆ. ನಾಳೆ ಸೂರ್ಯ ಹುಟ್ಟೋವರ್ಗೂ ಯಾರೂ ಕೂರೋ ಹಂಗಿಲ್ಲ ಸಾವ್ಕಾರ್ರೇ.”

“ಇವತ್ತು ಸೋಮವಾರ ಕಣಮ್ಮ. ನಿನ್ನನ್ನೂ ಮನೆ ಹತ್ರ ಇಳಿಸಿ ಹೋಗೋಣ ಅಂತಿದ್ದೆ.”

“ನಾನೂ ಕೂರಲ್ಲ. ಯಾರೂ ಅಂದ್ರೆ ಯಾರೂ.”

ಮೋಟಾರಿನ ಯಜಮಾನರು ಮೋಟಾರನ್ನೂ ದ್ರೌಪದಮ್ಮನನ್ನೂ ನೋಡಿ ಕಾಲು ಕೆಳಗಿಡುತ್ತಾರೆ. ಆ ಸೋಮವಾರ ಚಾಮರಾಜಪೇಟೆಯಿಂದ ಬಸವಣ್ಣನ ಗುಡಿಯ ಕಡೆಗೆ ಸಿದ್ದಬಸಪ್ಪನವರು ನಡೆದು ಹೋಗುತ್ತಾರೆ. ಪಕ್ಕದಲ್ಲಿ ಗಿರಿಜಾಂಬಾ, ಎರಡು ಹೆಜ್ಜೆ ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಡ್ರೈವರು ನಾರಾಯಣಪ್ಪ. ಅಭ್ಯಾಸ ಬಲದಿಂದ ಅವನ ಬಾಯಿ ತಿರುವಿನಲ್ಲೊಮ್ಮೆ ಮೆಲ್ಲಗೆ ‘ಪೋಂ’ ಎನ್ನುತ್ತದೆ.

ನಾವು ಖಾಲಿ ಕೈಗಾಡಿಯೊಂದಿಗೆ ಈ ಕಡೆ ಬರುತ್ತೇವೆ. ಇದೆಲ್ಲ ಅಚ್ಚಾದರೆ ಕೆಲಸಕ್ಕೆ ತೊಂದರೆಯಾಗದೇ ಎಂದು ಕೇಳುತ್ತೇನೆ.

“ಆಗ್ಬೋದು. ಆದ್ರೂ ಬರೀರಿ. ಅರಿಶಿನದ ಗಾಡಿ ಇನ್ನೂ ಎರಡವೆ ಸ್ವಾಮಿ. ಒಂದು ತುಮಕೂರು ಕಡೆ ಹೋಯ್ತು, ಇನ್ನೊಂದನ್ನ ಮಾರಿದ್ರಂತೆ, ಯಾರು ತಗೊಂಡ್ರೋ ಗೊತ್ತಿಲ್ಲ. ಅಲ್ಲೂ ಒಬ್ಬ ಡ್ರೈವರು ಇರ್ತಾನೆ, ಅವನೂ ಎಲೆ ಹಾಕ್ತಿರ್ತಾನೆ. ಸೀಟಲ್ಲಿ ಕೆಂಪು ಕಂಡ್ರೆ ಅವನನ್ನ ಬೈಬೇಡಿ, ಸೀಟು ನನ್ನ ಹತ್ರ ತನ್ನಿ ಅಂತ ಬರೀರಿ. ಅಷ್ಟು ಆದ್ರೆ ಸಾಕು.”

ಮನೆ ಬಂತು. ಬಚ್ಚಪ್ಪ ಒಳಗೆ ಹೋಗಿ ಸುತ್ತಿಗೆ ತಂದು ಹೆಂಡತಿಯ ಕೈಗೆ ಕೊಡುತ್ತಾರೆ. ದ್ರೌಪದಮ್ಮ ಸೆರಗಿನ ಗಂಟು ಬಿಚ್ಚಿ ಮೂರು ಹಿತ್ತಾಳೆ ಮೊಳೆ ತೆಗೆದು, ಒಂದನ್ನು ಆರಿಸಿ, ಹಿತ್ತಿಲ ಬಾಗಿಲ ಚೌಕಟ್ಟಿನ ಹಳೆಯ ತೂತಿಗೇ ಇಟ್ಟು ಎರಡು ಏಟು ಹೊಡೆಯುತ್ತಾರೆ. ಉಳಿದೆರಡನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾರೆ.

“ಇಪ್ಪತ್ತೊಂಬತ್ತು,” ಎನ್ನುತ್ತಾರೆ. “ಬರ್ಕೊಳ್ಳಿ.”